ಬೈಟು ರಾಯರು

ಬೆಂಗಳೂರಿನ ಯಾವ ಹಳೆಯ ಸಾಫ್ಟ್‌ವೇರ್ ಕಛೇರಿಯನ್ನು ಹೊಕ್ಕರೂ, ತಲೆ ನರೆತು, ಕನ್ನಡಕವನ್ನು ಹಣೆಗೇರಿಸಿ, ಸಿ ಭಾಷೆಯ ಹೊರತಾದ ಸಕಲ ಭಾಷೆಗಳನ್ನೂ ಬಾಲಲೀಲೆಯೆಂದು ಬಗೆಯುವ ಒಬ್ಬ ಮಹನೀಯರು ಕಿಟಕಿಯ ಪಕ್ಕದಲ್ಲಿ ವಿರಾಜಮಾನರಾಗಿರುತ್ತಾರೆ; ಅವರನ್ನು ರಾಯರೆಂದು ಕರೆಯೋಣ. ಅಕ್ಷರವೆಂದರೆ ಬೈಟು, ಬೈಟೆಂದರೆ ಅಕ್ಷರ ಎಂಬುದು ರಾಯರ ಅದ್ವೈತ. ಇದಕ್ಕೆ ಭಂಗ ತಂದದ್ದು 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ಕೂಡಿ ರೂಪಿಸಿದ ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿ; ಆದರೆ ಥಾಂಪ್ಸನ್ನರು ಯೂನಿಕ್ಸಿನ ಜನಕರಲ್ಲೊಬ್ಬರಾದುದರಿಂದ ಅವರನ್ನು ದೂಷಿಸಲಾರದೆ, ರಾಯರು ಅಪರಾಧವನ್ನೆಲ್ಲ ಕನ್ನಡ ಲಿಪಿಯ ಮೇಲೆಯೇ ಹೊರಿಸಿದರು.

ಆ ಪದ್ಧತಿಯಲ್ಲಿ ಕನ್ನಡದ ವ್ಯಂಜನವಾಗಲಿ ಸ್ವರಚಿಹ್ನೆಯಾಗಲಿ ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆಯಾಗಲಿ, ಒಂದೊಂದಕ್ಕೂ ಮೂರು ಬೈಟು. ಸಂಬಳದ ಪಟ್ಟಿಯಲ್ಲಿ ಹೆಸರಿಗೆ ರಾಯರು ವಿಧಿಸಿದ ಮಿತಿ 20. ಶ್ರೀನಿವಾಸನೋ 27 ಬೈಟಿನ ಆಸಾಮಿ. ಬೈಟನ್ನಲ್ಲದೆ ಅನ್ಯವನ್ನು ಎಣಿಸದ, ಸಿ ಭಾಷೆಯ ಮುದ್ರಣಸಾಧನವಾದ ಪ್ರಿಂಟ್‌ಎಫ್, ‘ಶ್ರೀನಿ’ಯವರೆಗೆ 18ನ್ನು ಮುದ್ರಿಸಿ, ವಕಾರದ ಮೂರರಲ್ಲಿ ಎರಡನ್ನು ಮಾತ್ರ ಕಿತ್ತುಕೊಂಡು ಬಂದಿತು; ಆ ತುಂಡನ್ನು ಕಂಡು ತೆರೆಯು ಪ್ರಶ್ನಚಿಹ್ನೆಯೊಂದನ್ನು ಮೂಡಿಸಿತು.

“ಮನೇಲಿ ಅವನನ್ನ ಶ್ರೀನಿ ಅಂತಾನೇ ಅಲ್ಲವೇನ್ರೀ ಕರೆಯೋದು?” ಎಂದರು ರಾಯರು.

ಸಂಬಳ ಪಡೆಯುವವನು ಒಪ್ಪದಿರಲಾಗಿ, ರಾಯರು ಸಿ ಭಾಷೆಯ ಸ್ಟ್ಯಾಂಡರ್ಡ್ ಗ್ರಂಥವನ್ನು ಬಿಚ್ಚಿದರು. ಹೆಸರನ್ನು ವೈಡ್ ಕ್ಯಾರೆಕ್ಟರುಗಳಾಗಿ ಪರಿವರ್ತಿಸಿ, ಮುದ್ರಣದ ಸೂಚನೆಯಲ್ಲಿ ಎಸ್ಸಿನ ಮುನ್ನ ಎಲ್ ಸೇರಿಸಿದರೆ, ಎಣಿಕೆ ಬೈಟಿನದೇ ಆದರೂ ಅಕ್ಷರವನ್ನು ನಡುವೆ ತುಂಡರಿಸುವುದಿಲ್ಲವೆಂದು ಅದರಲ್ಲಿ ಅಭಯವಿದೆ. ಹಾಗೆಯೇ ಮಾಡಿದರು. ಪ್ರಶ್ನಚಿಹ್ನೆ ಹೋಯಿತು, ವಾಸನು ಬರಲಿಲ್ಲ.

ಮುಂದೆ ಮುದ್ರಣವನ್ನೆಲ್ಲ ವೈಡ್ ಪ್ರಿಂಟ್‌ಎಫ್‌ಗೆ ಒಪ್ಪಿಸಿ ಬೈಟಿನ ಗೊಡವೆಯಿಂದಲೇ ಪಾರಾಗಹೊರಟರೆ, ಆ ಅಗಲದ ಅಕ್ಷರಕ್ಕೆ ಲಿನಕ್ಸಿನಲ್ಲಿ 32 ಬಿಟ್ಟು, ವಿಂಡೋಸಿನಲ್ಲಿ 16. ಬರಿಯ ಎಸ್ ಎಂದರೆ ಮೊದಲನೆಯದು ಬೈಟುಗಳ ಸಾಲೆಂದೂ ಎರಡನೆಯದು ಅಗಲದ ಅಕ್ಷರಗಳ ಸಾಲೆಂದೂ ಗ್ರಹಿಸುವುದು, ಶೈವ ವೈಷ್ಣವರ ವ್ಯಾಜ್ಯದಂತೆ, ತೀರದ ವಿಚಾರ. ಇಷ್ಟಾಗಿಯೂ ಕಣ್ಣಿಗೆ ಒಂದಾಗಿ ಕಾಣುವ ‘ಶ್ರೀ’ ಲೆಕ್ಕದಲ್ಲಿ ನಾಲ್ಕಾಗುವುದರಿಂದ, ಸಂಬಳದ ಅಂಕಿಗಳು ಸಾಲಿನಿಂದ ಸಾಲಿಗೆ ಅತ್ತಿತ್ತ ತೂರಾಡುವುದು ತಪ್ಪಲಿಲ್ಲ.

ಕಡೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, “ಸರ್, ಹೆಸರನ್ನ ಸಾಲಿನ ಕೊನೇಲಿ ಹಾಕಿದ್ರೆ ಅಗಲದ ಲೆಕ್ಕ ಯಾಕೆ ಬೇಕು?” ಎಂದಳು. ಸ್ಟ್ಯಾಂಡರ್ಡಿನಲ್ಲಿ ಇದಕ್ಕೆ ನಿಷೇಧವಿಲ್ಲವೆಂದು ಎರಡು ದಿನ ಪರಿಶೋಧಿಸಿ ನಿಶ್ಚಯಿಸಿಕೊಂಡ ಬಳಿಕ ರಾಯರು ಸಮ್ಮತಿಸಿದರು. ಪೋರ್ಟಬಲ್ ಎಂದು ಅವರು ಘೋಷಿಸಿದ ಕೃತಿಗಳಲ್ಲಿ, ನಾನು ಆ ವಿಶೇಷಣವನ್ನು ನಿಸ್ಸಂಕೋಚವಾಗಿ ಒಪ್ಪುವುದು ಇದೊಂದಕ್ಕೇ.