ಪಾಚಿಯಮ್ಮನ ಜೊತೆ ಒದ್ದೆ ನೆಲದ ಮಾತುಕತೆ

ಮಡಿಕೇರಿಯ ಒಂದು ಹೋಂಸ್ಟೇ. ಜುಲೈ ತಿಂಗಳ ಮಳೆ. ಅಂಗಳದ ಲಾನ್‌ನಲ್ಲಿ ಅರ್ಧ ಹುಲ್ಲು, ಅರ್ಧ ಪಾಚಿ. ಯಜಮಾನರು ಔಷಧಿ ತರಲು ಪೇಟೆಗೆ ಹೋಗಿದ್ದ ಹೊತ್ತು ನೋಡಿ ಪಾಚಿಯಮ್ಮನವರನ್ನು ಮಾತನಾಡಿಸಿದೆವು.

ಪ್ರಶ್ನೆ: ಅಮ್ಮಾ, ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಸಿದ ಹುಲ್ಲನ್ನು ನೀವು ಕೊಂದಿರಂತೆ?

ಪಾಚಿ: ಕೊಲ್ಲೋದಕ್ಕೆ ನನ್ನ ಹತ್ತಿರ ಏನಿದೆ ಮಗಾ? ಬೇರೇ ಇಲ್ಲ. ನೆಲಕ್ಕೆ ಅಂಟಿಕೊಳ್ಳೋಕೆ ನಾಲ್ಕು ಎಳೆ, ನೀರು ಕುಡಿಯೋದು ಎಲೆಯಿಂದ. ಹುಲ್ಲು ಸತ್ತ ಜಾಗಕ್ಕೆ ಬಂದು ಕೂತವಳು ನಾನು. ಸಾವಿನ ಮನೆಗೆ ಬಂದವಳನ್ನೇ ಕೊಲೆಗಾರ್ತಿ ಅಂದರೆ ಹೇಗೆ?

ಪ್ರಶ್ನೆ: ಮತ್ತೆ ಕೊಂದವರು ಯಾರು?

ಪಾಚಿ: ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ! ನರ್ಸರಿಯವರು ಇದನ್ನ ಮೆಕ್ಸಿಕನ್ ಹುಲ್ಲು ಅಂತ ಮಾರಿದರು. ಕುಲ ಜೋಯ್ಸಿಯಾ, ತವರು ಪೂರ್ವ ಏಷ್ಯಾ, ಮೆಕ್ಸಿಕೋ ಕಂಡದ್ದೇ ಇಲ್ಲ. ಬಿಸಿಲು ಬೇಡುವ ಹುಲ್ಲನ್ನು ತಂದು ಸಿಲ್ವರ್ ಓಕ್ ಮರದಡಿ, ಮಳೆಗಾಲ ಪೂರ್ತಿ ಸೂರ್ಯ ಮುಖ ತೋರಿಸದ ಊರಲ್ಲಿ ಹಾಸಿದರು. ಶನಿವಾರ ಬಂತೆಂದರೆ ಅದರ ಮೇಲೇ ಕಾರು ನಿಲ್ಲಿಸೋದು, ರಾತ್ರಿ ಕ್ಯಾಂಪ್‌ಫೈರ್, ಕುಣಿತ. ತುಳಿದು ತುಳಿದು ಮಣ್ಣು ಕಲ್ಲಾಯ್ತು, ನೀರು ಇಂಗಲ್ಲ. ಸಾಲದ್ದಕ್ಕೆ ಫೋಟೋಗೆ ಚೆಂದ ಕಾಣಲಿ ಅಂತ ಬುಡಮಟ್ಟ ಬೋಳಿಸೋದು. ಇನ್ನೊಂದು ಕೇಳು. ಇಲ್ಲಿ ತಾನಾಗಿ ಹುಟ್ಟಿದ ಗರಿಕೆಯನ್ನು ಕಳೆ ಅಂತ ಆಳು ಇಟ್ಟು ಕೀಳಿಸಿದರು. ಗಣೇಶನ ಹಬ್ಬಕ್ಕೆ ಅದನ್ನೇ ಪೇಟೆಯಿಂದ ಕೊಂಡು ತಂದರು!

(ಇದೇ ಗರಿಕೆ ಬರ್ಮುಡಾ ಗ್ರಾಸ್ ಎಂಬ ಹೆಸರಲ್ಲಿ ಗಾಲ್ಫ್ ಮೈದಾನ ಸೇರಿರುವುದನ್ನು ಯಜಮಾನರಿಗೆ ಯಾರೂ ಹೇಳಿದಂತಿಲ್ಲ.)

ಪ್ರಶ್ನೆ: ಸುಣ್ಣ ಎರಚಿದರಲ್ಲ, ಹೆದರಿಕೆ ಆಗಲಿಲ್ಲವೇ?

ಪಾಚಿ: ಆ ಕಾಂಪೌಂಡ್ ಗೋಡೆ ನೋಡು. ಸಿಮೆಂಟಲ್ಲಿ ಸುಣ್ಣ ಕಮ್ಮಿಯೇನು? ನನ್ನ ತಂಗಿಯರ ಸಂಸಾರವೆಲ್ಲ ಅಲ್ಲೇ. ಮಳೆಗೆ ಈ ಕಡೆ ಮಣ್ಣು ಹುಳಿಯಾಗುತ್ತೆ, ಸುಣ್ಣದಿಂದ ಹುಲ್ಲಿಗೆ ಅನುಕೂಲವೂ ಆದೀತು. ಎಷ್ಟು ಹಾಕಬೇಕು ಅಂತ ಹೇಳಬೇಕಾದ್ದು ಮಣ್ಣು ಪರೀಕ್ಷೆ. ಕಾಫಿ ತೋಟದ ಮಣ್ಣನ್ನು ತಪ್ಪದೆ ಪರೀಕ್ಷೆಗೆ ಕಳಿಸುವ ಯಜಮಾನರು ಲಾನಿಗೆ ಮಾತ್ರ ಕೈಗೆ ಬಂದಷ್ಟು ಎರಚುತ್ತಾರೆ.

ಪ್ರಶ್ನೆ: ಫೆರಸ್ ಸಲ್ಫೇಟ್?

ಪಾಚಿ: ಅದಕ್ಕೆ ಸಾಯ್ತೀನಪ್ಪ, ಸುಳ್ಳು ಯಾಕೆ? ಕರ್ರಗಾಗ್ತೀನಿ, ಕೆರೆದು ತೆಗೀಬಹುದು. ಹೋದ ವರ್ಷ ಅದನ್ನ ಜಗಲಿಯ ಟೈಲ್ಸ್ ಮೇಲೂ ಚೆಲ್ಲಿಕೊಂಡರು. ತುಕ್ಕಿನ ಕಲೆ ಇನ್ನೂ ಹೋಗಿಲ್ಲ, ನಾನೂ ವಾಪಸ್ಸು ಬಂದಾಯ್ತು. ನೆರಳು ಅಷ್ಟೇ, ನೀರು ನಿಲ್ಲೋದು ಅಷ್ಟೇ. ಬರದೆ ಏನು ಮಾಡಲಿ?

ಪ್ರಶ್ನೆ: ನಿಮ್ಮನ್ನು ನಿಜವಾಗಿ ಓಡಿಸುವ ದಾರಿ?

ಪಾಚಿ: ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕಿಕೊಳ್ಳಲಾ? ಇರಲಿ, ಅವರು ಹೇಗೂ ಮಾಡಲ್ಲ. ಕೊಂಬೆ ಸವರಿ ಬಿಸಿಲು ಬಿಡಬೇಕು. ಕಾರು ಗೇಟಿನ ಹೊರಗಿರಬೇಕು. ಏಪ್ರಿಲ್, ಮೇನಲ್ಲಿ ಹುಲ್ಲು ಚಿಗುರುವಾಗ ನೆಲಕ್ಕೆ ತೂತು ಹೊಡೆದು ಮರಳು ತುಂಬಿ ಗೊಬ್ಬರ ಕೊಡಬೇಕು. ನೀರು ಹರಿದುಹೋಗಲು ಕಣಿ ತೆಗೆಯಬೇಕು. ಮಳೆಗಾಲದಲ್ಲಿ ಹುಲ್ಲನ್ನು ತುಸು ಎತ್ತರ ಬಿಡಬೇಕು. ಬಿಸಿಲು ಬರೋಕೇ ಆಗದ ಮೂಲೆಯನ್ನು ನನಗೇ ಬಿಟ್ಟುಬಿಡಲಿ, ಅಲ್ಲಿ ನಾನಿದ್ದರೂ ಹಸಿರೇ ತಾನೇ?

ಪ್ರಶ್ನೆ: ಹುಲ್ಲಿನ ಮೇಲೆ ಸಿಟ್ಟಿಲ್ಲವೇ?

ಪಾಚಿ: ಪಾಪ, ಎಳೆಯದು. ಮಹಾರಾಷ್ಟ್ರದ ಪಿಸ್ದುರದಲ್ಲಿ ಸಿಕ್ಕ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಅದರ ಕುರುಹು ಸಿಕ್ಕಿದೆ, ಸುಮಾರು 6.5 ಕೋಟಿ ವರ್ಷದ್ದು. ನಮ್ಮ ವಂಶ ನೆಲಕ್ಕೆ ಬಂದು 40 ಕೋಟಿ ವರ್ಷ ದಾಟಿತು. ಲದ್ದಿಯಲ್ಲಿ ಸಿಕ್ಕವರ ಜೊತೆ ನನಗೇನು ಜಗಳ?

ಪ್ರಶ್ನೆ: ಮುಂದಿನ ಯೋಜನೆ?

ಪಾಚಿ: ಡಿಸೆಂಬರ್ ಬಿಸಿಲಿಗೆ ಒಣಗಿ ಕಂದು ತಿರುಗಿ ಮಲಗ್ತೀನಿ. ನೀರು ಸೋಕಿದರೆ ಮತ್ತೆ ಏಳ್ತೀನಿ, ಅದು ಬೇರೆ. ಯಜಮಾನರು ಮಾತ್ರ "ಔಷಧಿ ಭಾರಿ ಕೆಲಸ ಮಾಡಿತು ಮಾರಾಯ" ಅಂತ ಅಂಗಡಿಗೆ ಫೋನ್ ಮಾಡಿ ಇನ್ನೆರಡು ಚೀಲ ಕಳಿಸಲು ಹೇಳುತ್ತಾರೆ.