ಡೆವಲಪ್ ಆಗ್ಬಿಟ್ಟಿದೆ ಸಾರ್

ಯಲಹಂಕದ ಕಡೆ ಸೈಟು ನೋಡಲು ಹೋದವರಿಗೆಲ್ಲ ಈ ಕ್ರಿಯಾಪದದ ಪರಿಚಯವಿರುತ್ತದೆ. ಎದೆಮಟ್ಟ ಬೆಳೆದ ಪಾರ್ಥೇನಿಯಂ ನಡುವೆ ನಾಲ್ಕು ಕಲ್ಲು ನೆಟ್ಟು, ಅದಕ್ಕೆ ಸುಣ್ಣ ಬಳಿದು ನಿಂತ ಬ್ರೋಕರ್ ಹೇಳುತ್ತಾನೆ: 'ಡೆವಲಪ್ ಆಗತ್ತೆ ಸಾರ್.' ಮನೆಗಳೆದ್ದು, ಬೋರ್‌ವೆಲ್ ಬತ್ತಿ, ಬೆಳಗಾದರೆ ಟ್ಯಾಂಕರ್ ಹಾರ್ನ್ ಕೇಳತೊಡಗಿದರೆ, 'ಡೆವಲಪ್ ಆಗ್ತಾ ಇದೆ.' ಮನೆಯವರೇ ಎರಡು ರಸ್ತೆ ಆಚೆ ಕಾರು ಬಿಟ್ಟು ಸೊಪ್ಪಿನ ಚೀಲ ಹಿಡಿದು ನಡೆದು ಬರುವ ಸ್ಥಿತಿ ಬಂದರೆ, 'ಫುಲ್ ಡೆವಲಪ್ ಆಗ್ಬಿಟ್ಟಿದೆ.' ಆರ್.ಟಿ. ನಗರ ಈ ಸಿದ್ಧಿಯನ್ನು ಎಂದೋ ಪಡೆಯಿತು. ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟ ಬಡಾವಣೆ ಅದು. ಹೆಸರನ್ನು ಎರಡಕ್ಷರಕ್ಕೆ ಒತ್ತರಿಸಿದ ಮೇಲೆ ಪಾಪ, ಕವಿಗೂ ನಿಲ್ಲಲು ಜಾಗ ಉಳಿಯಲಿಲ್ಲ.

ಇಂಗ್ಲಿಷಿನಲ್ಲಿ ಮಗುವೂ ಡೆವಲಪ್ ಆಗುತ್ತದೆ, ಫೋಟೋವೂ ಆಗುತ್ತದೆ, ಗೋಡೆಯಲ್ಲಿ ಬಿರುಕೂ ಆಗುತ್ತದೆ. ನಾವು ಅದನ್ನು ಊರೊಳಗೆ ಕರೆತಂದು 'ಮಾಡು', 'ಆಗು' ಎಂಬ ಇಬ್ಬರು ಆಳುಗಳನ್ನು ಕೊಟ್ಟೆವು. ಅಂದಿನಿಂದ ಅದರ ಕಸುಬು ಬಹಳ ಸಲೀಸು. ರಿಬ್ಬನ್ ಕತ್ತರಿಸುವಾಗ 'ನಾವು ಮಾಡಿದ್ದೇವೆ'. ಕಾಲುವೆ ನೀರು ನಡುಮನೆಗೆ ಬಂದಾಗ 'ಏನ್ ಮಾಡೋದು, ಏರಿಯಾ ಡೆವಲಪ್ ಆಗಿಹೋಗಿದೆ'. ಮಾಡಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಆದದ್ದಕ್ಕೆ ಮಾತ್ರ ಯಾರ ಹೆಸರೂ ಇರುವುದಿಲ್ಲ.

ಸರ್ಕಾರ ಈ ಪದವನ್ನು ಆರಿಸಿಕೊಂಡದ್ದರಲ್ಲೂ ಜಾಣತನವಿದೆ. 1945ರಲ್ಲಿ ಹುಟ್ಟಿದ ಸಿಐಟಿಬಿಯ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಹೆಸರಿನಲ್ಲಿ ಇದ್ದದ್ದು 'ಇಂಪ್ರೂವ್‌ಮೆಂಟ್'. ಇಂಪ್ರೂವ್ ಎಂದರೆ ಮೊದಲಿಗಿಂತ ಚೆನ್ನಾಗಬೇಕು ಎಂಬ ಹಂಗು ಬರುತ್ತದೆ, ನಾಳೆ ಯಾರಾದರೂ ಲೆಕ್ಕ ಕೇಳಬಹುದು. 1976ರ ಕಾಯ್ದೆಯೊಂದಿಗೆ ಬಿಡಿಎ ಬಂತು, 'ಡೆವಲಪ್‌ಮೆಂಟ್' ಬಂತು. ಇದಕ್ಕೆ ಆ ಹಂಗಿಲ್ಲ. ಜ್ವರವೂ ಡೆವಲಪ್ ಆಗುತ್ತದೆ.

ಈ ಪದದ ನಿಜವಾದ ಕಲಿಕೆ ನಡೆದದ್ದು ಅರ್ಕಾವತಿ ಬಡಾವಣೆಯಲ್ಲಿ. 2003ರ ಪ್ರಾಥಮಿಕ ಅಧಿಸೂಚನೆಯಲ್ಲಿ ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿ ಸೇರಿ 16 ಹಳ್ಳಿಗಳ 3,339 ಎಕರೆ ಇತ್ತು. 2004ರ ಅಂತಿಮ ಅಧಿಸೂಚನೆಯ ಹೊತ್ತಿಗೆ ಅದು 2,750 ಎಕರೆಗೆ ಇಳಿದಿತ್ತು. ಅಂತಿಮ ಎಂಬುದು ಕೂಡ ಸರ್ಕಾರಿ ಕನ್ನಡದಲ್ಲಿ ಒಂದು ಆರಂಭವೇ. ಪ್ರಕರಣ ಹೈಕೋರ್ಟಿಗೆ ಹೋಯಿತು, 2010ರಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನು ಷರತ್ತುಗಳೊಂದಿಗೆ ಎತ್ತಿಹಿಡಿಯಿತು, 2014ರಲ್ಲಿ ಮತ್ತೊಂದು ಅಧಿಸೂಚನೆ ಬಂತು, ಎಕರೆ ಮತ್ತೆ ಕರಗಿತು. ಅದೇ ವರ್ಷ ಈ ಕರಗಿದ ಎಕರೆಗಳ ತನಿಖೆಗೆ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗ ಕೂತಿತು. ಅಷ್ಟರಲ್ಲಿ 'ಡೆವಲಪ್'ಗೆ 'ಡೀನೋಟಿಫೈ' ಎಂಬ ತಮ್ಮ ಹುಟ್ಟಿ, ಅಣ್ಣನಿಗಿಂತ ಹೆಚ್ಚು ದುಡಿಯತೊಡಗಿದ್ದ.

ಆಮೇಲೆ ಬಂದದ್ದೇ ಮುದ್ದಿನ ಕೂಸು: 'ರೀಡೂ', ಅಂದರೆ ಅಧಿಸೂಚನೆಯನ್ನೇ ಮತ್ತೆ ಮಾಡುವುದು. ಇಂಗ್ಲಿಷಿನಲ್ಲಿ 'ಡೂ' ಎಂಬುದಕ್ಕಿಂತ ಬಡಪಾಯಿ ಕ್ರಿಯಾಪದ ಇನ್ನೊಂದಿಲ್ಲ. ಅದಕ್ಕೊಂದು 'ರೀ' ಅಂಟಿಸಿದ್ದೇ ತಡ, ವಿಧಾನಸೌಧದ ಮೆಟ್ಟಿಲು ಹತ್ತಿತು. 2023ರ ಫೆಬ್ರುವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕೆಂಪಣ್ಣ ವರದಿಯ ಹೆಸರು ಹೇಳಿ, ರೀಡೂ ನೆಪದಲ್ಲಿ 800 ಎಕರೆಗೂ ಹೆಚ್ಚು ಭೂಮಿ ಕೈಬಿಡಲಾಗಿದೆ ಎಂದು ಆರೋಪಿಸಿದರು. 2014ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ತಾವು ಡೀನೋಟಿಫೈ ಮಾಡಿಯೇ ಇಲ್ಲ, ನಡೆದದ್ದೆಲ್ಲ ನ್ಯಾಯಾಲಯದ ಆದೇಶದಂತೆ ಎಂದರು. ಯಾರು ಸರಿ ಎಂಬುದು ಅವರವರ ಪಕ್ಷದ ವಿಚಾರ, ನನಗೆ ಆಸಕ್ತಿಯಿರುವುದು ವ್ಯಾಕರಣದಲ್ಲಿ. ನಮ್ಮ ಕಡೆ 'ರೀ' ಎಂದರೆ ಮರ್ಯಾದೆಯ ಕರೆ. ಮಕ್ಕಳು ಮುನಿಸಿಕೊಂಡರೆ ಕಿರುಬೆರಳು ತೋರಿಸಿ 'ಟೂ' ಬಿಡುತ್ತವೆ. ಹಂಚಿಕೆ ಪತ್ರ ಕೈಯಲ್ಲಿದ್ದೂ ಸೈಟು ಕಾಣದವರನ್ನು ಕೇಳಿ: ಮರ್ಯಾದೆಯಾಗಿ 'ರೀ' ಎಂದು ಕರೆದು, ಕಟ್ಟಿಸಿಕೊಳ್ಳಬೇಕಾದ ದುಡ್ಡು ಕಟ್ಟಿಸಿಕೊಂಡು, ಟೂ ಬಿಡುವುದೇ ರೀಡೂ. ಕನ್ನಡದಲ್ಲಿ ಇಷ್ಟು ಸೊಗಸಾಗಿ ಕೂತ ಇಂಗ್ಲಿಷ್ ಪದ ಅಪರೂಪ.

ಕೆರೆಗಳನ್ನೂ ಬಿಡಲಿಲ್ಲ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. 2006ರಲ್ಲಿ ಅದು ಹೆಬ್ಬಾಳ ಕೆರೆಯನ್ನು 'ಡೆವಲಪ್' ಮಾಡಲೆಂದು ಒಂದು ಹೋಟೆಲ್ ಕಂಪನಿಗೆ 15 ವರ್ಷದ ಗುತ್ತಿಗೆಗೆ ಕೊಟ್ಟಿತು. ಕೆರೆಗೆ ಏನು ಕೊರತೆ ಕಂಡು ಹೋಟೆಲಿನವರನ್ನು ಕರೆದರೋ! ನೀರಿಗೆ ಮಾತ್ರ ಈ ಪದ ಅರ್ಥವಾಗಿಲ್ಲ, ಅದು ಇನ್ನೂ ಹಳೆಯ ಕಾಲುವೆಯ ದಾರಿಯನ್ನೇ ನೆನಪಿಟ್ಟುಕೊಂಡಿದೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಅಂಗಳಕ್ಕೆ ದೋಣಿ ಬಂತು. 2024ರ ಅಕ್ಟೋಬರಿನಲ್ಲಿ ದೋಣಿ ಮತ್ತೆ ಬಂತು. ಅದೇ ಮಳೆಗೆ ನಾಗವಾರದ ಮಾನ್ಯತಾ ಟೆಕ್ ಪಾರ್ಕೂ ಮೊಣಕಾಲು ನೀರಲ್ಲಿ ನಿಂತಿತು. 'ಲೇಕ್ ವ್ಯೂ' ಎಂದು ಮುದ್ರಿಸಿ ಮಾರುವವರೆಲ್ಲ ಇನ್ನು 'ಲೇಕ್ ವಿಸಿಟ್' ಎಂದು ಸೇರಿಸಿ ಚದರಡಿಗೆ ಇನ್ನೂರು ಹೆಚ್ಚಿಗೆ ಕೇಳಬಹುದು.

ಸುಳ್ಳು ಹೇಳಬಾರದು, ಜಕ್ಕೂರು ಕೆರೆಯಲ್ಲಿ ಈ ಪದ ಒಮ್ಮೆ ಪ್ರಾಮಾಣಿಕವಾಗಿ ದುಡಿದದ್ದುಂಟು. ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಘಟಕ, ಅದರಿಂದಾಚೆ ಜೊಂಡು ಬೆಳೆದ ಜೌಗು, ಅದನ್ನು ದಾಟಿ ಬಂದ ನೀರು ಕೆರೆಗೆ. ಪಕ್ಷಿಗಳು ಬಂದವು, ಮೀನು ಹಿಡಿಯುವವರು ಬಂದರು, ಅಕ್ಕಪಕ್ಕದವರು ಕಾವಲಿಗೆ ನಿಂತರು. ಇದರ ಪರಿಣಾಮ ನೋಡಿ: ಸುತ್ತಲಿನ ಬ್ರೋಕರುಗಳಿಗೆ ಹೇಳಿಕೊಳ್ಳಲು ಒಂದು ಕೆರೆ ಸಿಕ್ಕಿತು.

ಪದವೊಂದು ನೆಲವನ್ನೇ ಬಿಟ್ಟು ಹಾರುವುದನ್ನು ನೋಡಬೇಕೆಂದರೆ ಟಿಡಿಆರ್, ಅಂದರೆ 'ಟ್ರಾನ್ಸ್‌ಫರಬಲ್ ಡೆವಲಪ್‌ಮೆಂಟ್ ರೈಟ್ಸ್' ನೋಡಬೇಕು. ರಸ್ತೆಗೆ ಜಾಗ ಬಿಟ್ಟುಕೊಟ್ಟವರಿಗೆ ನಗದಿನ ಬದಲು ಒಂದು ಕಾಗದ. ಅದನ್ನು ತೋರಿಸಿ ಬೇರೆಲ್ಲೋ ಹೆಚ್ಚುವರಿ ಮಹಡಿ ಏರಿಸಬಹುದು, ಬೇಡವೆಂದರೆ ಇನ್ನೊಬ್ಬರಿಗೆ ಮಾರಬಹುದು. ಜಾಗ ಇಲ್ಲಿ ಹೋಯಿತು, ಡೆವಲಪ್ ಅಲ್ಲೆಲ್ಲೋ ಆಗುತ್ತದೆ. ಕ್ರಿಯಾಪದ ಕರ್ತೃವನ್ನೂ ಕರ್ಮವನ್ನೂ ತೊರೆದು ಯಾರದೋ ಕಿಸೆಯಲ್ಲಿ ಓಡಾಡಬಹುದೆಂದು ವ್ಯಾಕರಣ ಬರೆದ ಕೇಶಿರಾಜನಿಗೆ ಹೊಳೆದಿರಲಾರದು. ಆ ಕಾಗದದ ಬೆಲೆ ತಿಳಿಯಲು ಅರಮನೆ ಮೈದಾನ ನೋಡಿ: ಅದರ 472 ಎಕರೆಗೆ 1996ರ ಸ್ವಾಧೀನ ಕಾಯ್ದೆ ಕಟ್ಟಿದ ಬೆಲೆ 11 ಕೋಟಿ ರೂಪಾಯಿ. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಅದರ ಅಂಚಿನ ಸುಮಾರು 15 ಎಕರೆ ಬೇಕಾಯಿತು. ಸುಪ್ರೀಂ ಕೋರ್ಟ್ ಹೇಳಿದಂತೆ ಟಿಡಿಆರ್ ಕೊಟ್ಟರೆ ಇಷ್ಟಕ್ಕೇ 3,000 ಕೋಟಿ ದಾಟುತ್ತದೆಂದು ಲೆಕ್ಕ ಹಾಕಿದ ಸರ್ಕಾರ, 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೊರೆ ಹೋಯಿತು. ಹೆಬ್ಬಾಳದ ರೈತ ಎಕರೆಗೆ ಪರಿಹಾರ ಕೇಳಿ ಅಲೆದ ಕಾಲದಲ್ಲಿ ಈ ಗಣಿತ ಯಾರಿಗೂ ನೆನಪಾಗಿರಲಿಲ್ಲ.

 

ಹೆಬ್ಬಾಳದ ಕಥೆ ಹೇಳದೆ ಮುಗಿಸುವಂತಿಲ್ಲ. ಮೊದಲು ನೆಲ ಡೆವಲಪ್ ಆಯಿತು. ನೆಲ ಸಾಲದೆ ಫ್ಲೈಓವರ್ ಬಂತು. ಫ್ಲೈಓವರ್ ಸಾಲದೆ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಎಂದರು. 812 ಮರ ಕಡಿಯಬೇಕು ಎಂದಾಗ ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತು 'ಬೇಡ' ಎಂದರು. ಅಪ್ಪಟ ಕನ್ನಡದ ಆ ಎರಡಕ್ಷರಕ್ಕೆ 1,791 ಕೋಟಿಯ ಯೋಜನೆ 2017ರ ಮಾರ್ಚಿನಲ್ಲಿ ಮಲಗಿತು. 2025ರ ಆಗಸ್ಟಿನಲ್ಲಿ ಫ್ಲೈಓವರಿಗೆ ಇನ್ನೊಂದು ಲೂಪು ಜೋಡಿಸಿದರು. ಈಗ ನೆಲವೂ ಮುಗಿಯಿತು, ಆಕಾಶವೂ ಮುಗಿಯಿತು ಎಂದು ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆ ಹಿಡಿದಿದ್ದಾರೆ. ಪಾತಾಳಕ್ಕೆ ಇನ್ನೂ ಬ್ರೋಕರ್ ಇಳಿದಿಲ್ಲ. ಇಳಿದ ದಿನ ಟಾರ್ಚ್ ಬಿಟ್ಟು ಏನು ಹೇಳುತ್ತಾನೆಂದು ಈಗಲೇ ಗೊತ್ತು: 'ಕಾರ್ನರ್ ಬಿಟ್ ಸಾರ್, ಬಿ ಖಾತಾ. ಮಳೆಗಾಲ ಒಂದು ಬಿಟ್ರೆ ವರ್ಷ ಪೂರ್ತಿ ಡ್ರೈ.'