ಉದ್ದೇಶರಾಯರ ಮೂರು ವೃತ್ತಗಳು

ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿನಲ್ಲಿ ಶುಕ್ರವಾರ ಸಂಜೆ ನಾಲ್ಕೂವರೆಗೆ ಟೌನ್‌ಹಾಲ್ ಸಭೆ ಇದೆಯೆಂದರೆ ಅಲ್ಲಿ ಉದ್ದೇಶರಾಯರು ಇದ್ದಾರೆಂದೇ ಅರ್ಥ. ಹೆಸರು ನಾವಿಟ್ಟದ್ದು, ಕಾರ್ಡಿನ ಮೇಲೆ ‘ವೈಸ್ ಪ್ರೆಸಿಡೆಂಟ್’ ಎಂದೋ ‘ಲೀಡರ್‌ಶಿಪ್ ಕೋಚ್’ ಎಂದೋ ಇರುತ್ತದೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಸ್ಲೈಡು ಬದಲಿಸುವ ಗುಂಡಿ, ಬೆನ್ನ ಹಿಂದೆ ಬಿಳಿ ಹಲಗೆಯ ಮೇಲೆ ಒಂದರೊಳಗೊಂದು ಮೂರು ವೃತ್ತ. ನಟ್ಟನಡುವಿನದಕ್ಕೆ ‘ಯಾಕೆ’ ಎಂದು ಹೆಸರು. ಬೋನಸ್ ಎಷ್ಟೆಂದು ತಿಳಿಯಲು ಬಂದು ಕೂತವರನ್ನು ಅವರು ಮೊದಲು ಕೇಳುವುದು, ‘ನೀವು ಬೆಳಿಗ್ಗೆ ಯಾಕೆ ಏಳುತ್ತೀರಿ?’ ‘ಟ್ರಾಫಿಕ್ ಶುರುವಾಗೋ ಮುಂಚೆ ಸಿಲ್ಕ್ ಬೋರ್ಡ್ ದಾಟಬೇಕಲ್ಲ ಸಾರ್’ ಎಂಬ ಪ್ರಾಮಾಣಿಕ ಉತ್ತರ ಹಿಂದಿನ ಸಾಲಿನಿಂದ ಬಂದರೆ ರಾಯರು ನಗುತ್ತಾರೆ, ಹಲಗೆಯ ಮೇಲೆ ಬರೆಯುವುದಿಲ್ಲ. ಅವರು ಕಚೇರಿಗಷ್ಟೇ ಸೀಮಿತರಲ್ಲ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಾದರೆ, ಬೋರ್‌ವೆಲ್ ಬತ್ತಿದ ವಾರ ‘ಒಂದು ಸಮುದಾಯವಾಗಿ ನಮ್ಮ ಧ್ಯೇಯವೇನು?’ ಎಂದು ವಾಟ್ಸ್ಯಾಪಿನಲ್ಲಿ ಕೇಳುವವರು ಅವರೇ. ನೀರು ಬರುವುದು ಮಾತ್ರ, ಮೂರನೇ ಮಹಡಿಯ ಯಾರೋ ಟ್ಯಾಂಕರಿನವನ ನಂಬರ್ ಹುಡುಕಿದ ಮೇಲೆ.

ರಾಯರು ಠಕ್ಕರಲ್ಲ. ಜನರಿಗೆ ಉದ್ದೇಶ ತಿಳಿಸಿಬಿಟ್ಟರೆ ಉಳಿದದ್ದು ತಾನಾಗಿ ಆಗುತ್ತದೆಂದು ಮನಸಾರೆ ನಂಬಿದವರು. ಆ ವೃತ್ತಗಳು ಸೈಮನ್ ಸಿನೆಕ್ ಎಂಬ ಲೇಖಕನವು. 2009ರಲ್ಲಿ ಒಂದು ಭಾಷಣ, ಒಂದು ಪುಸ್ತಕದ ಬೆನ್ನೇರಿ ಲೋಕಸಂಚಾರಕ್ಕೆ ಹೊರಟವು. ಒಳಗಿನ ‘ಯಾಕೆ’ಯಿಂದ ಶುರುಮಾಡಿ ಹೊರಗಿನ ‘ಏನು’ವಿಗೆ ಬರಬೇಕೆಂಬುದು ಸೂತ್ರ. ಇದಕ್ಕೆ ರಾಯರು ಕೊಡುವ ಸಾಕ್ಷಿ ಎರಡು ಕಥೆ. ಮೊದಲನೆಯದು ಮೂವರು ಕಲ್ಲುಕುಟಿಗರದು: ಒಬ್ಬ ಕಲ್ಲು ಒಡೆಯುತ್ತಿದ್ದೇನೆ ಎಂದನಂತೆ, ಇನ್ನೊಬ್ಬ ಹೊಟ್ಟೆಪಾಡು ಎಂದನಂತೆ, ಮೂರನೆಯವನು ದೇವಾಲಯ ಕಟ್ಟುತ್ತಿದ್ದೇನೆ ಎಂದನಂತೆ. ಇಂಗ್ಲಿಷಿನಲ್ಲಿ ಚರ್ಚು ಕಟ್ಟುತ್ತಿದ್ದ ಈ ಮೂವರು ರಾಯರ ಬಾಯಲ್ಲಿ ಬೇಲೂರಿಗೆ ವರ್ಗವಾಗಿದ್ದಾರೆ. ಬಂದದ್ದೇನೋ ಸರಿ, ಆದರೆ ಬೇಲೂರಿನ ಕಲ್ಲಿನ ಮೇಲೆ ಬರಹವಿದೆಯಲ್ಲ! ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳಡಿಯಲ್ಲಿ ಹೆಸರು ಕೊರೆದಿದ್ದಾರೆ; ಎದುರಾಳಿ ರೂವಾರಿಗಳ ಸೊಕ್ಕು ಮುರಿಯುವವರು ಎಂಬ ಧಾಟಿಯ ಬಿರುದುಗಳನ್ನೂ ಬಿಟ್ಟಿಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಇದು ನನ್ನ ಕೈಕೆಲಸ, ಪಕ್ಕದವನದಲ್ಲ ಎಂಬ ಹಠ ಮದನಿಕೆಯ ಬೆರಳ ತುದಿಯವರೆಗೂ ಇಳಿದಿದೆ. ರಾಯರ ಕೊನೆಯ ಸ್ಲೈಡಿನಲ್ಲಿ ಮಾತ್ರ, ರಾತ್ರಿ ಎರಡರವರೆಗೆ ಕೂತು ಅಂಕಿಅಂಶ ಜೋಡಿಸಿದ ಹುಡುಗಿಯ ಹೆಸರಿರುವುದಿಲ್ಲ, ‘ಟೀಮ್’ ಎಂದಿರುತ್ತದೆ.

ಎರಡನೆಯ ಕಥೆ ರೈಟ್ ಸಹೋದರರದು, ಸಿನೆಕ್ ಹೇಳಿದ್ದೇ. ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಸ್ಯಾಮ್ಯುಯೆಲ್ ಲ್ಯಾಂಗ್ಲಿಗೆ ಅಮೆರಿಕದ ಯುದ್ಧ ಇಲಾಖೆ 50,000 ಡಾಲರ್ ಕೊಟ್ಟಿತ್ತು. ರೈಟ್ ಸಹೋದರರಿಗೆ ಇದ್ದದ್ದು ಒಂದು ಸೈಕಲ್ ಅಂಗಡಿ. ಲ್ಯಾಂಗ್ಲಿಗೆ ಹಣ-ಕೀರ್ತಿಯ ಆಸೆ, ಇವರಿಗೆ ಧ್ಯೇಯ. ಆದ್ದರಿಂದ ಇವರು ಹಾರಿದರು, ಅವನು ಬಿದ್ದ. ಕೇಳಲು ಸೊಗಸು. ಆದರೆ ಲ್ಯಾಂಗ್ಲಿ ಇಲಾಖೆಯ ಹಣ ಬರುವ ಮೊದಲೇ, 1896ರಲ್ಲಿ, ಆಳಿಲ್ಲದ ಮಾದರಿ ವಿಮಾನವನ್ನು ಹಾರಿಸಿ ತೋರಿಸಿದ್ದ. ವರ್ಷಗಟ್ಟಲೆ ಅದಕ್ಕೇ ಜೀವ ತೇಯ್ದವನಿಗೆ ಧ್ಯೇಯವಿರಲಿಲ್ಲ ಎನ್ನಲು ಅವನ ವಿಮಾನ 1903ರ ಡಿಸೆಂಬರ್ 8ರಂದು ಪೊಟೊಮ್ಯಾಕ್ ನದಿಗೆ ಬಿತ್ತೆಂಬುದರ ಹೊರತು ಪುರಾವೆ ಏನು? ಒಂಬತ್ತು ದಿನಗಳ ಮೇಲೆ ಗೆದ್ದವರು 1899ರಲ್ಲಿ ಅದೇ ಸ್ಮಿತ್ಸೋನಿಯನ್‌ಗೆ ಪತ್ರ ಬರೆದಾಗ ಧ್ಯೇಯವಾಕ್ಯ ಕಳಿಸಲಿಲ್ಲ, ಓದಲು ಪುಸ್ತಕ ಯಾವುವೆಂದು ಕೇಳಿದರು. 1901ರಲ್ಲಿ ಅಂಗಡಿಯೊಳಗೇ ಗಾಳಿಸುರಂಗ ಕಟ್ಟಿ ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಅಳೆದರು. ವಿಮಾನವನ್ನು ಗಾಳಿಯಲ್ಲಿ ತಿರುಗಿಸಿ ಸಂಭಾಳಿಸುವುದು ಹೇಗೆಂಬುದು ಅವರಿಗೆ ಸಿಕ್ಕಿತು, ಲ್ಯಾಂಗ್ಲಿಗೆ ಸಿಗಲಿಲ್ಲ. ಇನ್ನು ಹಣದ ವಿರಕ್ತಿ: ಪೇಟೆಂಟಿಗಾಗಿ ಈ ಸಹೋದರರು ವರ್ಷಗಟ್ಟಲೆ ಕೋರ್ಟು ಹತ್ತಿದವರು. ಹಾರಿದವನಿಗೆ ಧ್ಯೇಯವಿತ್ತು, ಮುಳುಗಿದವನಿಗೆ ಇರಲಿಲ್ಲ ಎಂದು ಆಮೇಲೆ ಹಂಚುವುದು ಸುಲಭ. ಮದುವೆ ಮುರಿದ ಮೇಲೆ ಜಾತಕ ನೋಡುವ ಜೋಯಿಸರೂ ಅದನ್ನೇ ಮಾಡುತ್ತಾರೆ.

ಹಾಗಾದರೆ ಉದ್ದೇಶವೇ ಬೇಡವೇ, ಮನುಷ್ಯ ಸಂಬಳಕ್ಕೆ ಮಾತ್ರ ದುಡಿಯುವ ಎತ್ತೇ ಎಂದು ರಾಯರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಉದ್ದೇಶ ಬೇಕು, ಅದು ಭಾಷಣದಿಂದ ಹುಟ್ಟುತ್ತದೆಯೇ ಎಂಬುದಷ್ಟೇ ಅನುಮಾನ. ಹಾಲಿನ ಸಹಕಾರ ಚಳವಳಿಗೆ ಹೆಸರಾದ ವರ್ಗೀಸ್ ಕುರಿಯನ್ 1949ರಲ್ಲಿ ಗುಜರಾತಿನ ಆಣಂದಕ್ಕೆ ಬಂದದ್ದು ಯಾವ ‘ಯಾಕೆ’ಯನ್ನೂ ಹೊತ್ತಲ್ಲ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿಬಂದಿದ್ದರು, ಬಾಂಡ್ ಇತ್ತು, ಅದು ಮುಗಿದರೆ ಸಾಕೆಂದು ಕಾಯುತ್ತಿದ್ದರು. ಅಲ್ಲಿನ ಹಾಲಿನ ಸಹಕಾರ ಸಂಘದ ತ್ರಿಭುವನದಾಸ್ ಪಟೇಲರು ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಿಕೊಡಿ ಎಂದರು. ರಿಪೇರಿಯಿಂದ ಶುರುವಾದದ್ದು ಜೀವಮಾನದ ಉದ್ದೇಶವಾಯಿತು. ವೃತ್ತ ಹೊರಗಿನಿಂದ ಒಳಕ್ಕೆ ಬಂತು. ರೈತರನ್ನು ಹಿಡಿದಿಟ್ಟದ್ದೂ ಘೋಷಣೆಯಲ್ಲ, ಹಾಲಿನ ಫ್ಯಾಟು ಅಳೆದು ಕೊಡುವ ದುಡ್ಡು. ಅದೇ ಮಾದರಿ ಎಪ್ಪತ್ತರ ದಶಕದಲ್ಲಿ ಕರ್ನಾಟಕಕ್ಕೂ ಬಂತು. ನಮ್ಮ ಯಾವ ಊರಿನ ಡೇರಿಯ ಮುಂದೆ ಬೇಕಾದರೂ ಬೆಳಗ್ಗೆ ನಿಂತು ನೋಡಿ: ಕ್ಯಾನು ಹಿಡಿದ ಹೆಂಗಸು ಗೋಡೆಯ ಮೇಲಿನ ಧ್ಯೇಯವಾಕ್ಯ ಓದುವುದಿಲ್ಲ, ಚೀಟಿಯಲ್ಲಿ ಫ್ಯಾಟು ಎಷ್ಟು ಬಂತೆಂದು ಓದುತ್ತಾಳೆ. ನಿನ್ನೆಗಿಂತ ಕಮ್ಮಿಯಿದ್ದರೆ ಕಾರ್ಯದರ್ಶಿಯನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಸಂಘ ತನ್ನದು ಎಂಬುದಕ್ಕೆ ಆ ಜಗಳಕ್ಕಿಂತ ಸಾಕ್ಷಿ ಬೇಕೆ? ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ 1976ರಲ್ಲಿ ಇದೇ ಹಾಲಿನ ಸಹಕಾರದ ಕಥೆಯ ‘ಮಂಥನ್’ ಚಿತ್ರ ಮಾಡಿಸಿದರು. ನಾಯಕರು ನಮ್ಮ ಗಿರೀಶ ಕಾರ್ನಾಡರು, ಪಾತ್ರದ ಹೆಸರು, ಪಾಪ, ಡಾಕ್ಟರ್ ರಾವ್.

ಎಲ್ಲ ಕೆಲಸದಲ್ಲೂ ಫ್ಯಾಟು ಅಳೆಯಲಾಗುವುದಿಲ್ಲ, ದಣಿದವರಿಗೆ ಒಳ್ಳೆಯ ಮಾತೂ ಬೇಕು ಎಂಬ ಆಕ್ಷೇಪವೂ ಉಂಟು. ಒಪ್ಪೋಣ. ಆದರೆ ಮಾತು ಆಡಿದವನನ್ನೂ ಕಟ್ಟಿಹಾಕಬೇಕು. ಗ್ರಾಹಕನೇ ನಮ್ಮ ಧ್ಯೇಯ ಎಂದವನು, ಗ್ರಾಹಕನಿಗೆ ಉಪಯೋಗವಿಲ್ಲದ ಯಾವ ಕೆಲಸವನ್ನು ಕೈಬಿಡುತ್ತೇವೆಂದೂ ಹೇಳಬೇಕು. ರಾಯರ ಧ್ಯೇಯ ಎಷ್ಟು ವಿಶಾಲವೆಂದರೆ ಅದರಡಿ ಯಾವ ಮೀಟಿಂಗೂ ರದ್ದಾಗುವುದಿಲ್ಲ, ಯಾವ ರಿಪೋರ್ಟೂ ನಿಲ್ಲುವುದಿಲ್ಲ. ಧ್ಯೇಯ ಅಚ್ಚಾದ ಟೀ ಶರ್ಟು ಮಾತ್ರ ಎಲ್ಲರಿಗೂ ಸಿಗುತ್ತದೆ, ಎಕ್ಸೆಲ್ ಸೈಜಿನಲ್ಲಿ. ‘ಸರಿ ಸಾರ್, ಸೋಮವಾರದಿಂದ ನಾವು ಯಾವ ಕೆಲಸ ಬಿಡಬೇಕು?’ ಎಂದು ಹಿಂದಿನ ಸಾಲಿನವನು ಕೇಳಿದರೆ ರಾಯರು ಗಡಿಯಾರ ನೋಡಿಕೊಂಡು, ‘ಗ್ರೇಟ್ ಕ್ವೆಶ್ಚನ್, ಇದನ್ನು ಆಫ್‌ಲೈನ್ ಮಾತಾಡೋಣ’ ಎನ್ನುತ್ತಾರೆ. ಅಷ್ಟರಲ್ಲಿ ಸಮೋಸ ಬಂದಿರುತ್ತದೆ.